ಚುಕ್ಕಿಗೆ ಕಾಸಿಲ್ಲ

ಅಕ್ಷರಕ್ಕೆ ನಾಕಾಣೆ.
ಅದಕ್ಕೇ ನಮ್ಮ ಕಡೆಯ ಹೆಸರುಗಳೆಲ್ಲ
ಅಪ್ಪನ ಸೂಜಿಯ ಕೆಳಗೆ ಬರುವಷ್ಟರಲ್ಲಿ
ಎರಡಕ್ಷರಕ್ಕೆ ಇಳಿದಿರುತ್ತಿದ್ದವು.

ಮಂಡ್ಯದ ಪೇಟೆಬೀದಿ, ಪಾತ್ರೆ ಅಂಗಡಿಯ ಜಗಲಿ,
ಕೈಯಲ್ಲಿ ಜಿರ್ರೆನ್ನುವ ಮಿಷನ್ನು, ಮೊಣಕಾಲ ನಡುವೆ ಕೊಳಗ.
ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ,
ಇಪ್ಪತ್ತಾರು ಆಕಾರ ಬರುತ್ತಿದ್ದವು, ಅಷ್ಟೆ.
'ಎಸ್' ಅಂದರೆ ವಿ.ಸಿ. ನಾಲೆ ತಿರುಗುವ ಜಾಗ.
'ಡಿ' ಅಂದರೆ ಬಸುರಿ.
'ಎಂ' ಅಂದರೆ ಕುಂತಿಬೆಟ್ಟದ ಎರಡು ತಲೆ.
ಯಾರಾದರೂ ಚೌಕಾಸಿಗಿಳಿದರೆ ಮಾತ್ರ ಬಾಯಿಬಿಡುತ್ತಿದ್ದ:
"ಕಾಸು ಅಕ್ಷರಕ್ಕೆ ಕಣವ್ವ. ಚುಕ್ಕಿ ಪುಕ್ಕಟೆ."

ಒಂದು ಬೀಗರೂಟ ಮುಗಿದ ಸಂಜೆ,
ಎರವಲು ತಂದ ಪಾತ್ರೆಗಳು ಮನೆಗೆ ಮರಳುವ ಹೊತ್ತಿಗೆ,
ಗುತ್ತಲಿನ ದ್ಯಾವಮ್ಮ, ಮಾದೇಗೌಡನ ಹೆಂಡತಿ,
ಮದ್ದೂರಿನಿಂದ ಬಂದು ನೆಲೆಸಿದ ದುಂಡಮ್ಮ,
ಒಂದೇ ಕೊಳಗದ ಎರಡು ಕಿವಿ ಹಿಡಿದು ನಿಂತರು.
ಡಿ.ಎಂ.
ಇನ್ನೊಂದು ಕೊಳಗವೂ ಅಲ್ಲೇ ಇತ್ತು. ಅದೂ ಡಿ.ಎಂ.
ತಳ ಸೀದಿತ್ತು.
ಅದನ್ನು ಯಾರೂ ತಮ್ಮದೆನ್ನಲಿಲ್ಲ.

ಅಪ್ಪನಿಗೆ ಹೇಳಿಕಳಿಸಿದರು,
ಕೆತ್ತಿದವನಿಗೆ ಗೊತ್ತಿರಬೇಕಲ್ಲ.
ಬೆಳಕಿಗೆ ತಿರುಗಿಸಿದ. ಉಗುರಾಡಿಸಿದ.
"ಎರಡೂ ನಂದೇ" ಅಂದ.
ನಗು, ಬೈಗುಳ, ಮತ್ತೆ ನಗು.
ಅಕ್ಷರಗಳು ಮಾತ್ರ ಯಾವ ತಕರಾರೂ ತೆಗೆಯಲಿಲ್ಲ.

ಅಲ್ಲಿಂದ ಇಪ್ಪತ್ತು ವರ್ಷ ಆ ಇಬ್ಬರೂ
ಬೀದಿ ನಲ್ಲಿಯಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ
ಒಬ್ಬರನ್ನೊಬ್ಬರು ಕೂಗಿದ್ದು ಒಂದೇ ಹೆಸರು:
"ಏನಮ್ಮೀ ಡಿಯೆಮ್ಮು, ಉಂಡ್ಯಾ?"
"ಉಂಡೆ ಕಣಮ್ಮೀ ಡಿಯೆಮ್ಮು."
ದುಂಡಮ್ಮ ಮೊದಲು ಹೋದಳು.
ದ್ಯಾವಮ್ಮನನ್ನು ಹಾಗೆ ಕರೆಯುವವರು ಆಮೇಲೆ ಯಾರೂ ಇಲ್ಲ.
ಸೀದ ಕೊಳಗ ಈಗ ಅವಳ ಅಟ್ಟದ ಮೇಲಿದೆ,
ಕೇಳಿ ಇಸಕೊಂಡಳಂತೆ.

ಅದೇ ಜಗಲಿಯಲ್ಲಿ ಈಗ ನನ್ನ ರೇಡಿಯಂ ಅಂಗಡಿ.
ಬೋರ್ಡಿನ ಮೇಲೆ ಸಿ. ಜಲಜಾಕ್ಷಿ.
ಆ 'ಸಿ' ನಮ್ಮಪ್ಪ ಚನ್ನಾಚಾರಿ,
ಪಕ್ಕದಲ್ಲಿ ಅವನದೇ ಪುಕ್ಕಟೆ ಚುಕ್ಕಿ.
ಹುಡುಗರು ಬೈಕು ನಿಲ್ಲಿಸಿ ಟ್ಯಾಂಕು ತೋರಿಸುತ್ತಾರೆ:
"ಅಕ್ಕಾ, ಡಿ.ಎಂ. ಅಂತ ಹಾಕಿ, ದೊಡ್ಡದಾಗಿ, ಬೆಂಕಿ ಥರ."
ಅವರ ಹೀರೋ.
ಪೂರ್ತಿ ಹೆಸರು ಹೇಳಿದರೆ ಅಭಿಮಾನ ಕಮ್ಮಿ ಅಂತ ಲೆಕ್ಕ.
ಇನ್ನೊಬ್ಬ ಮೊಬೈಲಿನಿಂದ ತಲೆಯೆತ್ತದೆ,
"ಡಿಸೈನ್ ಬೇಕಾದ್ರೆ ಡಿ.ಎಂ. ಮಾಡ್ತೀನಿ" ಅನ್ನುತ್ತಾನೆ.
ಹ್ಞೂಂ, ಮಾಡಪ್ಪ.
ನನ್ನ ಕಿವಿಯಲ್ಲಿ ಬೀದಿ ನಲ್ಲಿ ಬಿಟ್ಟ ಸದ್ದು.

ಮೊನ್ನೆ ದ್ಯಾವಮ್ಮ ಕೋಲೂರಿಕೊಂಡು ಬಂದವಳು
ಹೊಸ ಸ್ಟಿಕ್ಕರಿನ ಮುಂದೆ ನಿಂತುಬಿಟ್ಟಳು.
ಓದು ಬಾರದವಳು.
ಲೋಕದಲ್ಲಿ ಅವಳಿಗೆ ಓದಲು ಬರುವುದು ಆ ಎರಡೇ ಅಕ್ಷರ.
"ಯಾರ್ಲಾ ಮಗ, ನಮ್ ದುಂಡಿ ಹೆಸರ
ಗಾಡಿಗೆ ಹಾಕ್ಸಿರಾದು?"
"ಏ, ಬಾಸ್ ಕಣಜ್ಜಿ!"
ಅವಳು ಬೆರಳಿನಿಂದ ಬೆಂಕಿಯನ್ನು ಸವರಿ,
ಎಂಜಲು ಹಚ್ಚಿ ಧೂಳೊರೆಸಿ,
"ಹೂಂ ಕಣ್ಲಾ" ಅಂದಳು, "ಬಾಸೇಯ ಅವ್ಳು."

ಹುಡುಗ ನನಗೆ ಎಂಬತ್ತು ರೂಪಾಯಿ ಎಣಿಸಿದ,
ಗಾಡಿ ಕಿಕ್ ಹೊಡೆದ.
ಹೊಗೆ ಕರಗುವ ಮೊದಲೇ ಬೀದಿಯ ತಿರುವು ಬಂತು.
ಅವಳು ಕೋಲೆತ್ತಿ ಹಿಂದಿನಿಂದ ಕೂಗಿದಳು:
"ಉಂಡ್ಯೇನಮ್ಮೀ?"