ನಾಲ್ಕನೇ ಪೆಟ್ಟಿಗೆ

ದಾವಣಗೆರೆ ಹತ್ತಿ ಮಾರ್ಕೆಟ್ಟಿನ ಹಿಂದಿನ ಲ್ಯಾಬಿನಲ್ಲಿ
ಆರು ತಗಡಿನ ಪೆಟ್ಟಿಗೆ, ಆರು ಟ್ಯೂಬ್‌ಲೈಟು, ಆರು ಸ್ವಿಚ್ಚು.
ನಾನು ಹಾಲೇಶಿ, ದಿನಗೂಲಿ.
ಅವಕ್ಕೆ ಸೂರ್ಯ.

ಒಂದನೆಯದಕ್ಕೆ ಹದಿಮೂರು ತಾಸು ಹಗಲು: ಒಳಗೆ ಮೃಗಶಿರ.
ನಾಲ್ಕನೆಯದಕ್ಕೆ ಹನ್ನೊಂದೂಕಾಲು: ಒಳಗೆ ಮಾರ್ಗಶಿರ.
ನಮ್ಮೂರಿನ ಹಗಲು ವರ್ಷವಿಡೀ ಏರಿಳಿಯುವುದು ಇಷ್ಟೇ ಅಂತೆ,
ಇಂಟರ್‌ವಲ್ ತನಕ ಸಿನಿಮಾ ನೋಡಿ
ಒಂದು ಚಾ ಕುಡಿದು ಬಂದಷ್ಟು.
ನಮಗೆ ಗೊತ್ತೇ ಆಗುವುದಿಲ್ಲ.

ಹುಳಕ್ಕೆ ಗೊತ್ತು.
ಗುಲಾಬಿ ಕಾಯಿಕೊರಕ. ಅಕ್ಕಿಕಾಳು ಎರಡು ಸೇರಿಸಿದಷ್ಟುದ್ದ.
ಹಗಲು ಮೊಟಕಾದದ್ದೇ ತಡ
ಎರಡು ಹತ್ತಿಬೀಜ ಎದುರುಬದುರು ಇಟ್ಟು, ನೂಲಿನಿಂದ ಹೊಲಿದು
ಒಳಗೆ ಸೇರಿಬಿಡುತ್ತದೆ,
ತಿನ್ನದೆ, ಬೆಳೆಯದೆ, ಸಾಯದೆ.
ರುಕ್ಸಾನಾ ಮೇಡಂ ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದರು.
ನಾನು ರಿಜಿಸ್ಟರಿನಲ್ಲಿ ಬರೆದೆ:
‘ತಡೆದುಕೊಂಡಿದೆ.’

ನಮ್ಮಪ್ಪ ಮಿಲ್ಲಿನಲ್ಲಿದ್ದವನು. ಕೂಗು ನಿಂತು ಎಷ್ಟೋ ವರ್ಷ.
ಈಗಲೂ ಆರಕ್ಕೆ ಹತ್ತು ನಿಮಿಷ ಇರುವಾಗ ಎದ್ದು ಕೂತು
ಕಾಲಿನಿಂದಲೇ ಚಪ್ಪಲಿ ಹುಡುಕುತ್ತಾನೆ.
ಮೇಡಂಗೆ ಹೇಳಿದೆ. ‘ಅದು ಬೇರೆ ಗಡಿಯಾರ’ ಅಂದರು.
ಹೇಗೆ ಬೇರೆ ಅಂತ ಕೇಳಲಿಲ್ಲ.

ರಾತ್ರಿಪಾಳಿ. ಮಂಡಕ್ಕಿ ಭಟ್ಟಿಯ ಹೊಗೆ ಕಿಟಕಿಯಲ್ಲಿ.
ಒಬ್ಬನೇ ಡಬ್ಬಿ ಬಿಚ್ಚಲು ಮನಸ್ಸಾಗದೆ
ನಾಲ್ಕನೇ ಪೆಟ್ಟಿಗೆಯ ಬಾಗಿಲು ತೆಗೆದೆ,
ಟಾರ್ಚು ಹಚ್ಚಿ ಪಕ್ಕಕ್ಕಿಟ್ಟೆ,
ಅವುಗಳ ಎದುರು ಕೂತು ರೊಟ್ಟಿ ಮುರಿದೆ.
ಒಂದು ತಾಸು. ಮರುದಿನವೂ.
ಆಮೇಲೆ ಅದೇ ರೂಢಿಯಾಯಿತು.
ನಮ್ಮವ್ವನ ಶೇಂಗಾ ಚಟ್ನಿಯ ಬಗ್ಗೆ
ಅವಕ್ಕೆ ಗೊತ್ತಿಲ್ಲದ್ದು ಏನೂ ಉಳಿಯಲಿಲ್ಲ.

ಸಂಕ್ರಾಂತಿಯ ದಿನ, ಎಳ್ಳು ಇನ್ನೂ ಅಂಗೈಯಲ್ಲಿರುವಾಗ,
ಗಾಜಿಗೆ ತಟತಟ ಬಡಿದದ್ದು ಕೇಳಿತು.
ಬೂದಿ ಬಣ್ಣದ ಪತಂಗಗಳು.
ಐದು, ಆರನೇ ಪೆಟ್ಟಿಗೆಯವು ಕದಲಿರಲಿಲ್ಲ.
ಹೊರಗೆ ಹೊಲಗಳಲ್ಲಿ ಬರೀ ಹತ್ತಿಕಟ್ಟಿಗೆ,
ಒಂದು ಮೊಗ್ಗಿಲ್ಲ.

‘ಯಾರು ಬೆಳಕು ತೋರಿಸಿದ್ದು ಇವಕ್ಕೆ?’
ಹೇಳಿದೆ. ಡಬ್ಬಿಯನ್ನೂ ತೋರಿಸಿದೆ.
ಬೈಗುಳಕ್ಕೆ ಕುತ್ತಿಗೆ ಬಗ್ಗಿಸಿ ನಿಂತೆ.
‘ಹಾಲೇಶಿ, ಇವು ಅಳೆಯುವುದು ಹಗಲನ್ನಲ್ಲ.
ಕತ್ತಲನ್ನು.
ಒಂದು ಉದ್ದ ರಾತ್ರಿಯನ್ನು ನೀನು
ರೊಟ್ಟಿ ಮುರಿದಂಗೆ ಮುರಿದೀಯ.
ಎರಡು ಗಿಡ್ಡ ರಾತ್ರಿ ಅಂದುಕೊಂಡವು,
ಬೇಸಿಗೆ ಅಂದುಕೊಂಡವು.’

ಆಮೇಲೆ ಅವರ ಕಣ್ಣು ಅರಳಿತು. ಪುಸ್ತಕ ತೆಗೆದರು.
‘ಹೊಸ ಹುಳ ಹಾಕೋಣ. ನಾಳೆಯಿಂದ ಐದಕ್ಕೂ ಹೀಗೇ ಮಾಡು.
ಹನ್ನೆರಡರಿಂದ ಒಂದು. ಟೈಮು ಬರೆದಿಡು.’

ಬರೆದಿಡುತ್ತೇನೆ. ಸಹಿ ಹಾಕುತ್ತೇನೆ.
ಸರಿಯಾಗಿ ಹನ್ನೆರಡಕ್ಕೆ ಬಾಗಿಲು ತೆಗೆದು, ಟಾರ್ಚು ಇಟ್ಟು,
ಹೊರಗೆ ಬರುತ್ತೇನೆ.
ಊಟ ಈಗ ಮೆಟ್ಟಿಲ ಮೇಲೆ,
ಮಾರ್ಕೆಟ್ಟಿನ ಹೊಸ ಕಂಬದ ದೀಪಕ್ಕೆ
ಬೆನ್ನು ಹಾಕಿ.