ಇಪ್ಪತ್ತು ನಿಮಿಷ

ಹಾರ್ಶಮ್ಮಿನಲ್ಲಿ ಜುಲೈ ಅಂದರೆ ಹಲ್ಲು ಕಡಿಸುವ ಚಳಿ.
ಗೋಧಿ ಸೈಲೋಗಳ ನೆತ್ತಿಗೆ ಮಂಜು.
ಶನಿವಾರ ಮೂರಕ್ಕೆ, ನಾನು ನಿಲ್ಲುವ ಔಷಧಿ ಅಂಗಡಿಯ
ಬಾಗಿಲ ಗಂಟೆ ಕಿಣಿಯೆಂದರೆ ತಲೆಯೆತ್ತದೆಯೇ ಗೊತ್ತು:
ನೆಟ್‌ಬಾಲ್ ಕೋರ್ಟಿನಿಂದ ಯಾರೋ ಕುಂಟಿಕೊಂಡು ಬಂದರು.

ಇವತ್ತು ಟೀಗನ್. ಒಂದು ಶೂ ಕಾಲಲ್ಲಿ, ಇನ್ನೊಂದು ಕೈಯಲ್ಲಿ,
ಕಣಕಾಲು ಬನ್ನಿನ ಹಾಗೆ ಊದಿದೆ.
"ಬಿಸಿನೀರಲ್ಲಿ ಅದ್ದು ಅಂತಾಳೆ ಅಮ್ಮ."
ಬೇಡ ಮಗಳೇ. ಈಗ ಬಿಸಿ ಇಟ್ಟರೆ
ಉರಿಯುವ ಒಲೆಗೆ ಊದುಕೊಳವೆ ಹಿಡಿದ ಹಾಗೆ.
ಹೊಸ ನೋವಿಗೆ ತಂಪು.
ಫ್ರೀಜರಿನ ಬಟಾಣಿ ಪೊಟ್ಟಣ ಸಾಕು,
ಹದಿನೆಂಟು ಡಾಲರಿನ ನೀಲಿ ಜೆಲ್ಲೇ ಆಗಬೇಕೆಂದಿಲ್ಲ
(ಯಜಮಾನ ಕೇಳಿಸಿಕೊಳ್ಳದಿರಲಿ).
ಬರಿಯ ಚರ್ಮಕ್ಕೆ ಮಾತ್ರ ಬೇಡ, ಟವೆಲಿನಲ್ಲಿ ಸುತ್ತು.
ಇಪ್ಪತ್ತು ನಿಮಿಷ. ತೆಗೆ. ಎರಡು ಗಂಟೆ ಬಿಟ್ಟು ಮತ್ತೆ.
ಮಂಜುಗಡ್ಡೆಯೂ ಸುಡುತ್ತದೆ, ಗೊತ್ತಾ?
ನಕ್ಕಳು. ಹದಿನಾರರ ಚರ್ಮ,
ಏನು ಹೇಳಿದರೂ ಮೊದಲೇ ಗೊತ್ತಿರುವ ಚರ್ಮ.

ಮರ್ವ್ ಶುಲ್ಟ್ಸ್ ಬಂದದ್ದು ಬಾಗಿಲು ಹಾಕುವ ಹೊತ್ತಿಗೆ.
ಮೂವತ್ತೆಂಟು ವರ್ಷ ಕುರಿಯ ಉಣ್ಣೆ ಕತ್ತರಿಸಿ
ಬಗ್ಗಿ ಹಾಗೇ ನಿಂತುಹೋದ ಬೆನ್ನು,
ಜೇಬಲ್ಲಿ ಸಕ್ಕರೆ ಕಾಯಿಲೆಯ ಚೀಟಿ.
"ಬ್ಯಾಂಡೇಜು. ಕಾಲಿಗೆ. ಏನೋ ಸಣ್ಣದು."
ಕುರ್ಚಿಯಲ್ಲಿ ಕೂರಿಸಿ ಕಾಲುಚೀಲ ಬಿಚ್ಚಿದೆ.
ಬಿಚ್ಚಿದವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಪಾದದ ಮೇಲೆ, ಕಾವಲಿಯ ಮೇಲೆ ರೊಟ್ಟಿ ಉಬ್ಬಿದ ಹಾಗೆ, ಬೊಬ್ಬೆ.

"ನೋಯಲೇ ಇಲ್ಲ," ಎಂದರು, ತಪ್ಪೊಪ್ಪಿಕೊಂಡಂತೆ.

ಅದೇ.
ನೋವು ಬೈದು ಎಬ್ಬಿಸುವ ನೆಂಟ,
ಆ ಪಾದವೆಂಬ ಮನೆ ಬಿಟ್ಟು ಎಷ್ಟು ವರ್ಷವಾಗಿತ್ತೋ.

ಗೋಧಿಚೀಲವಂತೆ. ಡಲ್ಸಿ ಹೊಲಿದದ್ದು, ಹಳೆ ಪರದೆಯ ಹೂಬಟ್ಟೆ,
ಒಳಗೆ ಅವಳ ಅಣ್ಣನ ಹೊಲದ ಗೋಧಿ.
ಮೈಕ್ರೋವೇವಿನಲ್ಲಿ ಎರಡೇ ನಿಮಿಷ ಅನ್ನುತ್ತಿದ್ದಳು.
ಅವಳು ಹೋದ ಮೇಲೆ ಎರಡು ಸಾಲದಾಯಿತು.
ಮೂರು. ನಾಲ್ಕು.
ಕಂಬಳಿಯೊಳಗೆ ಕಾಲ ಬಳಿ ಇಟ್ಟುಕೊಂಡು ಮಲಗುವುದು.
"ಬ್ರೆಡ್ಡಿನ ವಾಸನೆ ಬರುತ್ತದೆ," ಎಂದರು,
"ಈಚೆಗೆ ಸೀದ ಬ್ರೆಡ್ಡಿನದು."

ನಮ್ಮಲ್ಲಿ ಉಪ್ಪಿನ ಗಂಟು. ಹೆಂಚಿನ ಮೇಲೆ ಕಾಯಿಸಿ
ದೊಡ್ಡಮ್ಮ ಮೊದಲು ತನ್ನ ಮೊಣಕೈಗೆ ಮುಟ್ಟಿಸಿಕೊಳ್ಳುತ್ತಿದ್ದಳು,
ಹೂಂ ಅಂದ ಮೇಲೇ ನನ್ನ ಬೆನ್ನಿಗೆ ಶಾಖ.
ಬಿಸಿಗೊಂದು ಸಾಕ್ಷಿ ಬೇಕು.
ಒಬ್ಬರೇ ಇರುವ ಮನೆಯಲ್ಲಿ ಯಾರ ಮೊಣಕೈ?

ಬೊಬ್ಬೆ ಒಡೆಯದೆ, ಸಡಿಲವಾಗಿ ಶುಭ್ರ ಬಟ್ಟೆ ಹೊದಿಸಿ
ನನ್ನ ಕಾರಲ್ಲೇ ಆಸ್ಪತ್ರೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಪಾಠ:
ಆ ಪಾದಕ್ಕೆ ಇನ್ನು ಬಿಸಿಯೂ ಬೇಡ, ಮಂಜುಗಡ್ಡೆಯೂ ಬೇಡ,
ಉಣ್ಣೆಯ ಕಾಲುಚೀಲ ಸಾಕು, ಉಣ್ಣೆಯ ವಿಷಯ ನಿಮಗೆ ಹೇಳಬೇಕೇ.
ಹಳೆಯ ಬೆನ್ನುನೋವಿಗಾದರೆ ಸರಿ,
ಅಂಗಿಯ ಮೇಲೆ, ಕೂತು, ಎಚ್ಚರವಿದ್ದು.
ಹಾಸಿಗೆಯೊಳಗೆ ಬೇಡವೇ ಬೇಡ.
ಸೀದ ಗೋಧಿ ಒಂದು ರಾತ್ರಿ ಹೊತ್ತಿಕೊಳ್ಳುತ್ತದೆ, ಎಸೆಯಿರಿ.

"ಎಸೆಯುವುದಾ?"

ರೈಲ್ವೆ ಗೇಟು ಬಿದ್ದಿತ್ತು. ಧಾನ್ಯದ ಗಾಡಿ,
ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವಂತಿರಲಿಲ್ಲ.
ಗೋಧಿ ಎಸೆಯಿರಿ ಮರ್ವ್, ಎಂದೆ. ಬಟ್ಟೆ ಇಟ್ಟುಕೊಳ್ಳಿ.

ಸೆಪ್ಟೆಂಬರಿನಲ್ಲಿ ಬಂದರು.
ಪಾದ ಮಾಗಿತ್ತು, ನಡುವೆ ನುಣುಪಾದ ಗುಲಾಬಿ ಕಲೆ.
ಕಂಕುಳಲ್ಲಿ ಅಂಗಡಿಯ ಹೊಸ ಚೀಲ,
ಅದಕ್ಕೆ ಪರದೆಯ ಹೂಬಟ್ಟೆಯ ಹೊದಿಕೆ,
ಉಣ್ಣೆಮೂಟೆ ಹೊಲಿಯುವ ಸೂಜಿಯ ದಪ್ಪ ದಪ್ಪ ಹೊಲಿಗೆ.
ಪಕ್ಕದ ಬೇಕರಿಯವಳ ಮೈಕ್ರೋವೇವಿನಲ್ಲಿ ಕಾಯಿಸಿದ್ದಂತೆ.
ಮಾತಿಲ್ಲದೆ ಕೌಂಟರಿನ ಮೇಲೆ ನನ್ನತ್ತ ಸರಿಸಿದರು.

ಬಿಳಿ ಕೋಟಿನ ತೋಳು ಮಡಚಿ
ಮೊಣಕೈ ಊರಿದೆ. ಸ್ವಲ್ಪ ಹೊತ್ತು ಹಾಗೇ ಬಿಟ್ಟೆ.

ಹೂಂ, ಎಂದೆ.