ಇನ್ನೊಬ್ಬರು ಬರಬೇಕ್ರಿ

ಮರ್ಮಗೋವಾ ಬಂದರು, ಮುಂಜಾನೆ ಎಂಟು.
ಹಡಗಿನ ಏಣಿ ಇಳಿಯೋವಲ್ಲಿ ಒಂದು ಹಲಗಿ:
ಸಂಜೀ ನಾಕಕ್ಕ ಎಲ್ಲಾರೂ ಒಳಗಿರಬೇಕು.
ಹಡಗಿನವರ ಟೂರಿಗೆ ಹೋದವರು ತಡಾದ್ರ ಕಾಯ್ತೀವಿ,
ತಮ್ಮ ಪಾಡಿಗೆ ಹೋದವರಿಗೆ ಕಾಯಂಗಿಲ್ಲ
ಅಂತ ಸಮವಸ್ತ್ರದ ಹುಡುಗಿ ಹಿಂದಿಯಾಗ ಬಿಡಿಸಿ ಹೇಳಿದ್ಲು.

ಕಾಯೋದಕ್ಕೂ ಟಿಕೀಟು ಹಚ್ಯಾರಲ್ಲ, ಅಂದೆ.
ನೀಲಗಂಗಾ ನಗಲಿಲ್ಲ.
ಆಕಿ ಮೊದಲೇ ಫೋನಿನ್ಯಾಗ ಖಾಸಗಿ ಗಾಡಿ ಹೇಳಿಟ್ಟಿದ್ಲು,
ನಾಕೂವರಿ ಸಾವಿರ, ಎಸಿ, ಡ್ರೈವರು ಕನ್ನಡ ಬಲ್ಲಂವ.
ಹಳೇ ಗೋವಾದ ಇಗರ್ಜಿ, ಮಂಗೇಶಿ ಗುಡಿ,
ಮಸಾಲಿ ತೋಟದಾಗ ಬಾಳಿ ಎಲಿ ಊಟ.
"ಒಬ್ಬರಾದ್ರೂ ಅಷ್ಟ, ಇಬ್ಬರಾದ್ರೂ ಅಷ್ಟ. ಬಾರವಾ."

ಒಲ್ಲೆ ಅಂದೆ.
ಯಾಕಂತ ನನಗೂ ಹೇಳಾಕ ಬರಲಿಲ್ಲ.
ಇಪ್ಪತ್ತೊಂಬತ್ತು ವರ್ಷ ಹುಬ್ಬಳ್ಳಿ ಡಿಪೋದಾಗ
ಚೀಲಾ ಹೆಗಲಿಗೆ ಹಾಕ್ಕೊಂಡು ಸೀಟಿ ಊದಿದಾಕಿ ನಾನು.
ಶಿರಗುಪ್ಪಿ, ಭದ್ರಾಪುರ, ಅಣ್ಣಿಗೇರಿ, ಹುಲಕೋಟಿ,
ನಿದ್ದಿಗಣ್ಣಾಗೂ ಕೂಗತಿದ್ದೆ.
ಒಂದರಾಗೂ ಇಳಿದು ನಿಂತು ಚಾ ಕುಡದಿಲ್ಲ.

ಗೇಟಿನ ಹೊರಗ ಟ್ಯಾಕ್ಸಿಯವರು ಮುತ್ತಿದ್ರು,
ಬೀಚು ಮೇಡಂ, ಕೋಟಿ ಮೇಡಂ, ಕಮ್ಮೀ ಮೇಡಂ.
ಅವರ ಹಿಂದ ಒಂದು ಬಿಳೇ ಮಿನಿ ಬಸ್ಸು,
ಬಾಗಲಕ್ಕ ಜೋತು ಬಿದ್ದ ಹುಡುಗ
ಸಡಾ ಸಡಾ ಸಡಾ ಅಂತ ಒದರಾಕ ಹತ್ತಿದ್ದ.
ಸಡಾ ಅಂದ್ರ ಊರೋ, ಗುಡಿಯೋ, ಗೊತ್ತಿರಲಿಲ್ಲ. ಹತ್ತಿದೆ.

ಹುಡುಗನ ಕೈ ನೋಡಿದೆ.
ನೋಟು ಉದ್ದಕ ಮಡಚಿ ಬೆರಳ ಸಂದಿನ್ಯಾಗ,
ಹತ್ತರವು ಒಂದು ಸಂದಿಗೆ, ಇಪ್ಪತ್ತರವು ಇನ್ನೊಂದಕ್ಕ.
ಸರೀ ಚಿಲ್ಲರಿ ಎಣಿಸಿ ಕೊಟ್ಟೆ.
"ಅವ್ವಾ, ಬಾಗಲಾ ಬಿಟ್ಟು ನಿಂದ್ರಿ" ಅಂದ, ನಮ್ಮ ಮಾತಿನ್ಯಾಗ.
ಯಾವೂರಪಾ?
"ಸಡಾ."
ಅದಕ್ಕ ಮೊದಲು?
"ಅಪ್ಪಂದು ಕುಷ್ಟಗಿ ಅಂತಾರ. ನಾ ನೋಡಿಲ್ರಿ."

ಗುಡ್ಡದ ಮ್ಯಾಲ ಕಡೇ ಸ್ಟಾಪು.
ಇಳಿದೆ. ಇಳಿಯೋದು ಇಷ್ಟು ಹಗೂರ ಅಂತ ಗೊತ್ತಿರಲಿಲ್ಲ.
ನಳದ ಮುಂದ ಕೊಡಾ ಸಾಲು ಹಚ್ಚಿದ ಹೆಂಗಸರು,
ಅವರೊಳಗ ಒಬ್ಬಾಕಿ ಸೆರಗಿಲೆ ಕಟ್ಟಿ ವರಸಿ ಕುಂದರಿಸಿದ್ಲು.
ಸೆರಗಿಗೆ ಕರೇ ಪುಡಿ.
"ಬಂದರಿನ ಕಲ್ಲಿದ್ದಲಿ. ದಿನಾ ವರಸ್ತೀವಿ, ದಿನಾ ಬರ್ತದ."
ಚಾ ಕೊಟ್ಲು. ರೊಕ್ಕಾ ತಗೊಳ್ಳಲಿಲ್ಲ.

ಕೆಳಗ ನಮ್ಮ ಹಡಗು.
ಹತ್ರ ನಿಂತಾಗ ಗ್ವಾಡಿಯಂಗ ಇತ್ತು,
ಇಲ್ಲಿಂದ ಪೂರ್ತಿ ಕಂಡ್ತು, ಮೂತಿ, ಬಾಲ, ಕೊಳಿವಿ ಎಲ್ಲಾ.
ಏಳನೇ ಸಾಲು ಹಿಡದು ಕಿಟಕಿ ಎಣಿಸಿದೆ,
ಎರಡು ಸಲ ತಪ್ಪಿತು,
ಮೂರನೇ ಸಲ ನಾ ಒಣಾ ಹಾಕಿದ ಹಸಿರು ಟಾವೆಲ್ಲು ಸಿಕ್ಕಿತು.
ಬ್ಯಾರೇದವರದೂ ಇದ್ದೀತು.
ಎರಡು ತಾಸು ಅಲ್ಲೇ ಕುಂತೆ.

ಮೂರಕ್ಕ ಏಣಿ ಹತ್ತಿದೆ.
ಮೂರೂ ನಲವತ್ತಕ್ಕ ನೀಲಗಂಗಾನ ಫೋನು:
ಸೇತುವಿ ದಾಟಿ ಕೊರ್ತಾಲಿಂ ಹತ್ರ ಲಾರಿ ಕೆಟ್ಟು ನಿಂತದ,
ಗಾಡಿ ಅಲುಗವಲ್ಲದು.
ದನಿ ನಡಗತಿತ್ತು.

ಬಿಳೇ ಅಂಗಿಯ ಅಧಿಕಾರಿ ಕೈಗಡಿಯಾರ ನೋಡತಿದ್ದ.
ಅವನ ಮುಂದ ನಿಂತು ಅಂದುಬಿಟ್ಟೆ,
"ಇನ್ನೊಬ್ಬರು ಬರಬೇಕ್ರಿ."

ಈ ಮಾತು ನನಗ ಎಷ್ಟು ಮಂದಿ ಅಂದಿಲ್ಲ.
ಅಣ್ಣಿಗೇರಿಯಾಗ ಒಮ್ಮೆ
ಕುಂಚಿಗಿ ಕಟ್ಟಿದ ಕೂಸು ಎತ್ತಿಕೊಂಡು ಓಡಿ ಬರಾಕಿನ್ನ
ಹಿಂದಿನ ಕಿಟಕಿಯಾಗ ನೋಡಿಯೂ ರೈಟ್ ಅಂದಿದ್ದೆ.
ಬಸ್ಸು ಐದು ನಿಮಿಷ ಲೇಟಿತ್ತು.
ಆಕಿ ನಿಂತಳು, ಕೂಸಿನ ಕಾಲಾಗಿನ ಒಂದು ಚಪ್ಲಿ ಬಿತ್ತು,
ಅದನ್ನ ಎತ್ತಿಕೊಂಡ್ಲೋ ಇಲ್ಲೋ, ತಿರುವು ಬಂತು.

ಅಧಿಕಾರಿ ಗಡಿಯಾರ ನೋಡಿದ, ಸಮುದ್ರ ನೋಡಿದ.
ಹಗ್ಗ ಹಿಡದವರಿಗೆ ಏನೂ ಅನ್ನಲಿಲ್ಲ.

ನಾಕೂ ಆರಕ್ಕ ಆಕಿ ಬಂದ್ಲು,
ಎರಡೂ ಕೈಯಾಗ ಗೋಡಂಬಿ ಚೀಲ, ಹಣಿಮ್ಯಾಲ ಮಂಗೇಶಿಯ ಗಂಧ.
ಡ್ರೈವರು ಗೇಟಿನ ಆಚೆ ನಿಂತು
ಒಳಗ ಹೋದ್ರೋ ಇಲ್ಲೋ ಅಂತ ಇಣುಕಿ ನೋಡತಿದ್ದನಂತ.
ಉಸುರು ತಿರುಗಿದ ಮ್ಯಾಲ ಕೇಳಿದ್ಲು, ನೀ ಏನ್ ನೋಡಿದಿ?
ನಮ್ಮ ಹಡಗ ನೋಡಿದೆ.
"ಹುಚ್ಚೀ" ಅಂದು ಗೋಡಂಬಿ ಬಿಚ್ಚಿದ್ಲು.

ಹಡಗು ಕೂಗಿತು, ಎದಿಯೊಳಗಿಂದ, ಉದ್ದಕ.
ಕೈ ಚಾಚಿದೆ.
ನನ್ನ ಬೆರಳ ಸಂದಿನ್ಯಾಗ
ಮರಳಿ ಬರೋ ಬಸ್ಸಿನಾಗ ಉಳಿದ ಹತ್ತರ ನೋಟು
ಉದ್ದಕ ಮಡಚಿದ್ದು, ಇನ್ನೂ ಹಂಗ ಇತ್ತು.